ಮನೆ ಲೆಕ್ಕ: ಗೂಡಿನ ಹಣ, ವಾರದ ಕಂತು ಮತ್ತು ಮೂರು ರೂಪಾಯಿ ಬಡ್ಡಿ

ಈ ಸಲದ ಅಂಕಣಕ್ಕೆ ಆರಿಸಿಕೊಂಡ ಪತ್ರಗಳೆಲ್ಲವೂ ಚಿಕ್ಕಬಳ್ಳಾಪುರ ಜಿಲ್ಲೆಯವು. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಆದರೆ ಅಂಕಿಗಳನ್ನು ಅವರು ಕೊಟ್ಟಂತೆಯೇ ಉಳಿಸಿಕೊಂಡಿದ್ದೇವೆ. ಈ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ನನಗೆ ಕಂಡದ್ದು ಇಷ್ಟು: ಹೆಚ್ಚಿನ ಮನೆಗಳಲ್ಲಿ ವರ್ಷದ ಆದಾಯಕ್ಕೂ ವರ್ಷದ ಖರ್ಚಿಗೂ ಅಂಥ ದೊಡ್ಡ ಅಂತರವೇನೂ ಇಲ್ಲ. ಹಣ ಕೈಗೆ ಬರುವ ದಿನ ಒಂದು, ಹಣ ಬೇಕಾಗುವ ದಿನ ಇನ್ನೊಂದು. ಈ ಎರಡು ದಿನಗಳ ನಡುವಿನ ಹೊಂಡವನ್ನು ಮುಚ್ಚಲು ತಂದ ಸಾಲದ ಬಡ್ಡಿಯೇ ಮನೆಯನ್ನು ಸವೆಸುತ್ತಿದೆ.

ಪ್ರಶ್ನೆ: ಮಾನ್ಯರೇ, ನಮ್ಮದು ರೇಷ್ಮೆ ಮತ್ತು ಹಾಲನ್ನು ನಂಬಿದ ಮನೆ. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ, ಎರಡು ಹಸುಗಳಿವೆ. ವರ್ಷಕ್ಕೆ ಐದು ಬೆಳೆ ಇಡುತ್ತೇವೆ. ಚಾಕಿ (ಮರಿಹುಳು), ಕೂಲಿ, ಔಷಧಿ ಎಲ್ಲ ಕಳೆದು ಒಂದು ಬೆಳೆಗೆ 30,000 ರೂಪಾಯಿ ಉಳಿಯುತ್ತದೆ, ಆದರೆ ಐದರಲ್ಲಿ ಒಂದು ಬೆಳೆ ಸಪ್ಪೆರೋಗಕ್ಕೋ ಹಾಲುತೊಂಡೆಗೋ ಹೋಗುವುದು ಸಾಮಾನ್ಯವಾಗಿದೆ. ಡೇರಿಯ ಬಟವಾಡೆಯಲ್ಲಿ ಹಿಂಡಿ, ಬೂಸಾ ಕಳೆದು ಹದಿನೈದು ದಿನಕ್ಕೆ 3,500 ರೂಪಾಯಿ ಉಳಿಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬೇರೆ. ಮನೆಖರ್ಚು ತಿಂಗಳಿಗೆ 15,000. ಅದಲ್ಲದೆ ಜೂನ್‌ನಲ್ಲಿ ಮಕ್ಕಳ ಶಾಲೆಗೆ 22,000, ಹಬ್ಬ ಮತ್ತು ನೆಂಟರ ಮನೆಯ ಕಾರ್ಯಗಳಿಗೆ ವರ್ಷಕ್ಕೆ 20,000, ವಿಮೆಗೆ 6,000 ಬೇಕು. ಮೂರು ವರ್ಷದ ಹಿಂದೆ ಬೆಳೆ ಹೋದಾಗ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 40,000 ಕೈಸಾಲ ತಂದೆವು. ಬಡ್ಡಿ ತಪ್ಪದೆ ಕಟ್ಟುತ್ತಿದ್ದೇವೆ, ಅಸಲು ಮಾತ್ರ ಹಾಗೆಯೇ ಇದೆ. ದುಂದು ಮಾಡುವವರಲ್ಲ ನಾವು. ಎಲ್ಲಿ ತಪ್ಪುತ್ತಿದ್ದೇವೆ?
– ಒಬ್ಬ ಗೃಹಿಣಿ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನೀವು ದುಂದು ಮಾಡುವವರಲ್ಲ ಎಂಬುದನ್ನು ನಿಮ್ಮ ಅಂಕಿಗಳೇ ಹೇಳುತ್ತಿವೆ, ತಾಯಿ. ಅವನ್ನು ವರ್ಷಕ್ಕೆ ಕೂಡಿ ನೋಡೋಣ. ಕೈಗೆ ಬರುವುದು ನಾಲ್ಕೇ ಬೆಳೆ ಎಂದುಕೊಂಡರೆ 1,20,000, ವರ್ಷದ 24 ಬಟವಾಡೆಗಳಿಂದ 84,000, ಗೃಹಲಕ್ಷ್ಮಿಯಿಂದ 24,000, ಒಟ್ಟು 2,28,000 ರೂಪಾಯಿ. ಖರ್ಚಿನ ಕಡೆ ಮನೆಗೆ 1,80,000, ಶಾಲೆ, ಹಬ್ಬ, ವಿಮೆ ಮೂರೂ ಸೇರಿ 48,000. ಅದೂ 2,28,000 ರೂಪಾಯಿಯೇ. ಅಂದರೆ ನಿಮ್ಮ ಸಂಸಾರ ತನ್ನ ಆದಾಯದೊಳಗೇ ಸರಿಯಾಗಿ ನಡೆಯುತ್ತಿದೆ. ಈ ಲೆಕ್ಕದಲ್ಲಿ ಜಾಗವೇ ಇಲ್ಲದ ಒಂದು ಬಾಬ್ತು ಎಂದರೆ ಆ ಕೈಸಾಲದ ಬಡ್ಡಿ. ನೂರಕ್ಕೆ ಮೂರು ರೂಪಾಯಿ ಎಂದು ಕೇಳುವಾಗ ಅದು ಸಣ್ಣ ಮಾತಿನಂತೆ ಕೇಳಿಸುತ್ತದೆ. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 36. ನಲವತ್ತು ಸಾವಿರಕ್ಕೆ ತಿಂಗಳಿಗೆ 1,200, ವರ್ಷಕ್ಕೆ 14,400. ಮೂರು ವರ್ಷದಲ್ಲಿ ನೀವು ಕಟ್ಟಿರುವುದು 43,200 ರೂಪಾಯಿ. ತಂದದ್ದಕ್ಕಿಂತ ಹೆಚ್ಚು ಹಣ ಮನೆಯಿಂದ ಹೊರಗೆ ಹೋಗಿದೆ, ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಐದನೆಯ ಬೆಳೆ ಕೈಹಿಡಿದ ವರ್ಷ ಅದರ ಅರ್ಧ ಬಡ್ಡಿಗೆ ಹೋಗಿರಬೇಕು. ಹಿಡಿಯದ ವರ್ಷ ಅಂಗಡಿಯ ಬಾಕಿ ಬೆಳೆದಿರಬೇಕು.

ಆದ್ದರಿಂದ ಮೊದಲ ಕೆಲಸ, ಈ ಸಾಲವನ್ನು ಕಡಿಮೆ ಬಡ್ಡಿಯ ಕಡೆಗೆ ದಾಟಿಸುವುದು. ಮನೆಯಲ್ಲಿ ಒಂದು ಸರವೋ ಬಳೆಯೋ ಇದ್ದರೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು 40,000 ತಂದು ಕೈಸಾಲವನ್ನು ಒಂದೇ ಸಲಕ್ಕೆ ಮುಗಿಸಿ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 12 ಎಂದೇ ಹಿಡಿದರೂ ಆಗುವುದು 4,800 ರೂಪಾಯಿ. ವರ್ಷಕ್ಕೆ 9,600 ರೂಪಾಯಿ ನಿಮ್ಮಲ್ಲೇ ಉಳಿಯುತ್ತದೆ. ಚಿನ್ನ ಅಡವಿಡುವುದೆಂದರೆ ಮನೆಯ ಮಾನ ಹೋದಂತೆ ಎಂದು ನಮ್ಮ ಹಿರಿಯರು ಭಾವಿಸುತ್ತಿದ್ದರು, ಆ ಸಂಕೋಚ ನನಗೂ ಅರ್ಥವಾಗುತ್ತದೆ. ಆದರೆ ಪೆಟ್ಟಿಗೆಯೊಳಗೆ ಸರ ಮಲಗಿರುವಾಗ ಶೇ 36ರ ಬಡ್ಡಿ ಕಟ್ಟುವುದು ಅದಕ್ಕಿಂತ ದೊಡ್ಡ ನಷ್ಟ. ಸಾಲದ ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬ್ಯಾಂಕಿನಿಂದ ಬಂದ ಯಾವ ನೋಟಿಸನ್ನೂ ಓದದೆ ಎತ್ತಿಡಬೇಡಿ. ಹರಾಜಿಗೆ ಹೋಗುವ ಒಡವೆಗಳಲ್ಲಿ ಹೆಚ್ಚಿನವು ಹೋಗುವುದು ತಾರೀಖು ಮರೆತದ್ದರಿಂದ. ಚಿನ್ನವಿಲ್ಲದಿದ್ದರೆ ನಿಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ವಿಚಾರಿಸಿ. ಇನ್ನೊಂದು ದಾರಿಯೂ ಇದೆ: 2018–19ರಿಂದ ಹೈನುಗಾರಿಕೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಎರಡು ಲಕ್ಷದವರೆಗೆ ಬಡ್ಡಿ ಶೇ 7, ಗಡುವಿನೊಳಗೆ ಕಟ್ಟಿದರೆ ಶೇ 3 ರಿಯಾಯಿತಿ ಸಿಕ್ಕಿ ನಿಜವಾಗಿ ಬೀಳುವುದು ಶೇ 4. ಹಿಂಡಿ, ಬೂಸಾ, ಹಸುವಿನ ಔಷಧಿಗೆ ಆ ಹಣ ಬಳಸಿದರೆ ಬಟವಾಡೆಯ ಹಣ ಮನೆಗೆ ಪೂರ್ತಿಯಾಗಿ ಸಿಗುತ್ತದೆ. ಆದರೆ ಅದು ಹಸುವಿನ ಸಾಲ. ಹಬ್ಬಕ್ಕೆ ಅದನ್ನು ಮುಟ್ಟಬಾರದು.

ಎರಡನೆಯ ಕೆಲಸ, ರೇಷ್ಮೆಗೂಡು ಮಾರಿದ ದಿನವೇ ಆ ಹಣವನ್ನು ಹಂಚಿಡುವುದು. ನಿಮಗೆ ತಿಂಗಳು ತಿಂಗಳು ಖಚಿತವಾಗಿ ಬರುವುದು ಹಾಲಿನ 7,000 ಮತ್ತು ಗೃಹಲಕ್ಷ್ಮಿಯ 2,000, ಒಟ್ಟು 9,000. ಮನೆಗೆ ಬೇಕಾದ 15,000ಕ್ಕೆ ಇನ್ನೂ 6,000 ಕಡಿಮೆ. ಒಂದು ಬೆಳೆಯಿಂದ ಇನ್ನೊಂದು ಬೆಳೆಯ ಹಣಕ್ಕೆ ಮೂರು ತಿಂಗಳು ಎಂದುಕೊಂಡರೆ ಬಂದ 30,000ದಲ್ಲಿ 18,000 ಮನೆಯ ಪಾಲು. ಅದನ್ನು ಒಟ್ಟಿಗೆ ಕೈಯಲ್ಲಿ ಇಟ್ಟುಕೊಳ್ಳದೆ, ತಿಂಗಳಿಗೆ 6,000ದಂತೆ ಸಂಬಳ ತೆಗೆದುಕೊಳ್ಳುವವರ ಹಾಗೆ ಬ್ಯಾಂಕಿನಿಂದ ತೆಗೆಯಿರಿ. ಉಳಿದ 12,000ದಲ್ಲಿ 5,500 ಶಾಲೆಗೆ, 5,000 ಹಬ್ಬಗಳಿಗೆ, 1,500 ವಿಮೆಗೆ. ನಾಲ್ಕು ಬೆಳೆಗೆ ಇದು ಸರಿಯಾಗಿ 22,000, 20,000 ಮತ್ತು 6,000 ಆಗುತ್ತದೆ. ಈ 12,000 ಬೇರೊಂದು ಖಾತೆಯಲ್ಲಿರಲಿ; ಅಂಚೆ ಕಚೇರಿಯ ಉಳಿತಾಯ ಖಾತೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಮೊಬೈಲ್ ಒತ್ತಿದ ಕೂಡಲೇ ಖರ್ಚಾಗದ ಹಣ ಸ್ವಲ್ಪ ಹೆಚ್ಚು ದಿನ ಉಳಿಯುತ್ತದೆ. ಹಬ್ಬ ಮತ್ತು ನೆಂಟರ ಬಾಬ್ತನ್ನು ಎರಡು ವರ್ಷದ ಮಟ್ಟಿಗೆ 15,000ಕ್ಕೆ ಇಳಿಸಿದರೆ, ಅಡವಿನ ಸಾಲದ 4,800 ಬಡ್ಡಿಗೆ ಅಲ್ಲಿಯೇ ಜಾಗವಾಗುತ್ತದೆ. ಮುಯ್ಯಿ ಮಾಡುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ, ಹಳ್ಳಿಯಲ್ಲಿ ಬದುಕುವವರಿಗೆ ಅದು ಆಗದ ಮಾತು. ಮುಯ್ಯಿಯ ಮೊತ್ತವನ್ನು ಅರ್ಧ ಮಾಡಿದರೆ ಯಾರೂ ಮನೆಗೆ ಬಂದು ಕೇಳುವುದಿಲ್ಲ.

ಇನ್ನು ಐದನೆಯ ಬೆಳೆ. ಅದು ಬರುತ್ತದೆ ಎಂದು ಲೆಕ್ಕಕ್ಕೆ ಸೇರಿಸಿಕೊಳ್ಳಲೇಬೇಡಿ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದು ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಹತ್ತುವವರೆಗೂ ಬೆಳೆ ನಮ್ಮದಲ್ಲ ಎಂಬುದನ್ನು ನಿಮಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಅದು ಬಂದರೆ ಆ 30,000ವನ್ನು ಮಾರುಕಟ್ಟೆಯಿಂದ ನೇರವಾಗಿ ಬ್ಯಾಂಕಿಗೆ ಒಯ್ದು ಅಸಲಿಗೆ ಕಟ್ಟಿ. ಅಂಥ ಎರಡು ಬೆಳೆ ಸಿಕ್ಕರೆ ಸರ ಮನೆಗೆ ಬರುತ್ತದೆ, ಮೇಲೆ ಸ್ವಲ್ಪ ಹಣವೂ ಉಳಿಯುತ್ತದೆ. ಆ ಉಳಿದದ್ದೇ ಮುಂದಿನ ಸಲ ಬೆಳೆ ಹೋದಾಗ ಮೂರು ರೂಪಾಯಿ ಬಡ್ಡಿಯವರ ಮನೆಯ ಹತ್ತಿರ ಹೋಗದಂತೆ ನಿಮ್ಮನ್ನು ತಡೆಯುವ ಹಣ. ಸಹಕಾರ ಸಂಘವೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಬೆಳೆ ಹೋದದ್ದರಿಂದ ಮುಳುಗಿದ ಮನೆಗಳಿಗಿಂತ, ಬೆಳೆ ಹೋದ ವಾರ ಅವಸರದಲ್ಲಿ ತಂದ ಸಾಲದಿಂದ ಮುಳುಗಿದ ಮನೆಗಳನ್ನೇ ಹೆಚ್ಚು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬರು ಒಂದು ಲಕ್ಷದ ಚೀಟಿ ನಡೆಸುತ್ತಾರೆ. 20 ಜನ, 20 ತಿಂಗಳು, ತಿಂಗಳಿಗೆ 5,000. ನಡೆಸುವವರಿಗೆ 5,000 ಕಮಿಷನ್. ಮಗನ ಕಾಲೇಜು ಶುಲ್ಕಕ್ಕಾಗಿ ಮೂರನೇ ತಿಂಗಳಲ್ಲೇ 30,000 ಬಿಟ್ಟು ಕೂಗಿ, 70,000 ಎತ್ತಿಕೊಳ್ಳೋಣ ಎಂದಿದ್ದೇನೆ. ಹಿಂದಿನ ಸುತ್ತಿನಲ್ಲಿ ಲಾಭಾಂಶ ಕಳೆದು ಒಬ್ಬೊಬ್ಬರು ಒಟ್ಟು ಕಟ್ಟಿದ್ದು ಸುಮಾರು 86,000. ಇದು ಒಳ್ಳೆಯದೇ?
– ಚಿಂತಾಮಣಿಯ ಓದುಗರು

ಉತ್ತರ: ಚೀಟಿಯಲ್ಲಿ ಒಂದೇ ಬುಟ್ಟಿಯಿಂದ ಇಬ್ಬರು ತೆಗೆದುಕೊಳ್ಳುತ್ತಾರೆ, ಮೊದಲು ಎತ್ತುವವರು ಸಾಲಗಾರರು, ಕೊನೆಯವರೆಗೆ ಕಾಯುವವರು ಉಳಿತಾಯಗಾರರು. ನೀವು ಮೂರನೇ ತಿಂಗಳಲ್ಲಿ 70,000 ಎತ್ತುವ ಹೊತ್ತಿಗೆ ಲಾಭಾಂಶ ಕಳೆದು ಸುಮಾರು 11,000 ಕಟ್ಟಿರುತ್ತೀರಿ. ಅಂದರೆ ನಿಮಗೆ ನಿಜವಾಗಿ ಸಿಗುವ ಹೊಸ ಹಣ 59,000ದ ಆಸುಪಾಸು. ಅದಕ್ಕೆ ಮುಂದಿನ 17 ತಿಂಗಳಲ್ಲಿ ಕಟ್ಟುವುದು ಸುಮಾರು 75,000. ಬಿಡಿಸಿ ನೋಡಿದರೆ ಇದು ನೂರಕ್ಕೆ ಸುಮಾರು ಎರಡೂವರೆ ರೂಪಾಯಿ ಬಡ್ಡಿಯ ಸಾಲವೇ ಆಯಿತು. ಕಾಲೇಜು ಶುಲ್ಕಕ್ಕೆ ಈ ದರ ಕೊಡುವ ಅಗತ್ಯವಿಲ್ಲ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಅದು ತಡವಾಗುವುದಾದರೆ ಸದ್ಯಕ್ಕೆ ಚಿನ್ನದ ಮೇಲಿನ ಸಾಲ ತೆಗೆದುಕೊಂಡು, ಶಿಕ್ಷಣ ಸಾಲ ಮಂಜೂರಾದ ಮೇಲೆ ಮುಂದಿನ ಕಂತಿನ ಶುಲ್ಕವನ್ನು ಅದರಿಂದ ಕಟ್ಟಿ.

ಕೊನೆಯವರೆಗೆ ಕಾಯುವವರಿಗೆ ಚೀಟಿ ಕೆಟ್ಟ ಲೆಕ್ಕವಲ್ಲ: 86,000 ಕಟ್ಟಿ, ಕಮಿಷನ್ ಕಳೆದು 95,000 ಪಡೆದರೆ ವರ್ಷಕ್ಕೆ ಶೇ 12ರ ಆಸುಪಾಸಿನ ಗಳಿಕೆ. ಆದರೆ ಆ ಗಳಿಕೆಯೆಲ್ಲ ನಿಂತಿರುವುದು ನಡೆಸುವವರೊಬ್ಬರ ನಡತೆಯ ಮೇಲೆ, ಮತ್ತು ಮೊದಲೇ ಎತ್ತಿದ ಹತ್ತೊಂಬತ್ತು ಜನ ಕೊನೆಯವರೆಗೂ ಕಟ್ಟುತ್ತಾರೆ ಎಂಬ ನಂಬಿಕೆಯ ಮೇಲೆ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಇಷ್ಟು ಮೊತ್ತದ ಚೀಟಿಗೆ ನೋಂದಣಿ ಬೇಕು. ನೋಂದಾಯಿತ ಚೀಟಿಯಲ್ಲಿ ನಡೆಸುವವರ ಕಮಿಷನ್ ಹೆಚ್ಚೆಂದರೆ ಶೇ 7 ಎಂದು 2019ರ ತಿದ್ದುಪಡಿ ಹೇಳುತ್ತದೆ. ಬ್ಯಾಂಕ್ ಠೇವಣಿಗೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಇರುವ ವಿಮೆಯ ರಕ್ಷಣೆ ಚೀಟಿಗೆ ಇಲ್ಲ. ಬೀದಿಯ ಚೀಟಿ ಮುರಿದು ಬಿದ್ದಾಗ ಕೈಯಲ್ಲಿ ಉಳಿಯುವುದು ಒಂದು ಚಿಕ್ಕ ನೋಟ್‌ಬುಕ್ ಮಾತ್ರ. ಈಗಾಗಲೇ ಸೇರಿದ್ದರೆ, ಪ್ರತಿ ತಿಂಗಳೂ ಕಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ, ಸಾಧ್ಯವಾದರೆ ಬ್ಯಾಂಕ್ ಮೂಲಕವೇ ಕಟ್ಟಿ.

ಪ್ರಶ್ನೆ: ಗೃಹಜ್ಯೋತಿ ಇದ್ದರೂ ಏಪ್ರಿಲ್‌ನಲ್ಲಿ ನಮಗೆ ಪೂರ್ತಿ ಬಿಲ್ ಬಂದಿದೆ. ಮೀಟರ್ ತಪ್ಪೇ?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ನೀವು ಕಳಿಸಿದ ಬಿಲ್ಲಿನಲ್ಲಿ 208 ಯೂನಿಟ್ ಇದೆ, ಉತ್ತರ ಅಲ್ಲಿಯೇ ಇದೆ. ಯೋಜನೆ ಜಾರಿಗೆ ಬರುವ ಮುಂಚಿನ ವರ್ಷದಲ್ಲಿ ನಿಮ್ಮ ಸರಾಸರಿ ಬಳಕೆ 110 ಯೂನಿಟ್ ಆಗಿದ್ದರಿಂದ, ಅದಕ್ಕೆ ಶೇ 10 ಸೇರಿಸಿ 121 ಯೂನಿಟ್ ನಿಮಗೆ ಉಚಿತ. ಅದನ್ನು ದಾಟಿದರೂ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ನೀವು ದಾಟಿದ್ದು ಎಂಟೇ ಯೂನಿಟ್. ಹಳೆಯ 75 ವ್ಯಾಟ್‌ನ ಒಂದು ಫ್ಯಾನ್ ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್. ಅದೇ ಗಾಳಿಯನ್ನು 28 ವ್ಯಾಟ್‌ನ ಹೊಸ ಬಗೆಯ ಫ್ಯಾನ್ 13 ಯೂನಿಟ್‌ಗಿಂತ ಕಡಿಮೆಯಲ್ಲಿ ಕೊಡುತ್ತದೆ. ಎರಡು ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ತಿಂಗಳ ಇಪ್ಪತ್ತನೆಯ ದಿನ ಮೀಟರನ್ನು ಒಮ್ಮೆ ನೋಡಿ ಬರೆದಿಡುವ ಅಭ್ಯಾಸವಿದ್ದರೆ ಉಳಿದ ಹತ್ತು ದಿನ ಹೇಗೆ ಬಳಸಬೇಕೆಂಬುದು ತಿಳಿಯುತ್ತದೆ.

ಪ್ರಶ್ನೆ: ನಾನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಪಿಎಫ್, ಇಎಸ್‌ಐ ಕಳೆದು 12,800 ಕೈಗೆ ಬರುತ್ತದೆ. ಯಜಮಾನರು ಆಟೋ ಓಡಿಸಿ ಗ್ಯಾಸ್ ಖರ್ಚು ಕಳೆದು ತಿಂಗಳಿಗೆ 12,000 ತರುತ್ತಾರೆ. ಬಾಡಿಗೆ 5,000. ಮೂರು ಕಡೆ ಸಂಘದ ಸಾಲವಿದೆ. ವಾರದ ಕಂತುಗಳೆಲ್ಲ ಸೇರಿ ತಿಂಗಳಿಗೆ 11,800 ಆಗುತ್ತದೆ. ಅದರಲ್ಲಿ ಒಂದು ಸಾಲ, ತಿಂಗಳಿಗೆ 2,600 ಕಟ್ಟುವುದು, ಇನ್ನೈದು ತಿಂಗಳಲ್ಲಿ ಮುಗಿಯುತ್ತದೆ. ಇವು ಸಾಲದೆಂದು ಐದು ರೂಪಾಯಿ ಬಡ್ಡಿಗೆ 30,000 ಕೈಸಾಲವೂ ಇದೆ. ಈಗ ನಾಲ್ಕನೆಯ ಸಂಸ್ಥೆಯವರು 50,000 ಕೊಡುತ್ತೇವೆ, ಎಲ್ಲ ತೀರಿಸಿಕೊಳ್ಳಿ ಎನ್ನುತ್ತಿದ್ದಾರೆ. ಕಂತು ತಪ್ಪಿದರೆ ರಾತ್ರಿ ಎಂಟು ಗಂಟೆಯಾದರೂ ಮನೆ ಬಾಗಿಲಲ್ಲಿ ಕೂರುತ್ತಾರೆ. ಕೆಲಸ ಬಿಟ್ಟು ಪಿಎಫ್ ಹಣ ತೆಗೆದು ಕಟ್ಟಿಬಿಡೋಣವೇ ಎಂದು ಯೋಚಿಸುತ್ತಿದ್ದೇನೆ.
– ಗೌರಿಬಿದನೂರಿನ ಓದುಗರು

ಉತ್ತರ: ಕೆಲಸ ಬಿಡಬೇಡಿ, ತಂಗಿ. ನಾಲ್ಕನೆಯ ಸಾಲವನ್ನೂ ತೆಗೆದುಕೊಳ್ಳಬೇಡಿ. ಈ ಎರಡು ಮಾತನ್ನು ಮೊದಲೇ ಹೇಳಿ ಉಳಿದದ್ದಕ್ಕೆ ಬರುತ್ತೇನೆ.

ನಿಮ್ಮಿಬ್ಬರ ಆದಾಯ 24,800. ಸಂಘದ ಕಂತು 11,800, ಕೈಸಾಲದ ಬಡ್ಡಿ 1,500, ಒಟ್ಟು 13,300. ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲಕ್ಕೇ ಹೋಗುತ್ತಿದೆ. ಬಾಡಿಗೆ ಕೊಟ್ಟ ಮೇಲೆ ಊಟ, ಔಷಧಿ, ಮಕ್ಕಳಿಗೆ ಉಳಿಯುವುದು 6,500 ರೂಪಾಯಿ. ನಿಮ್ಮ ಸಂಘದ ಸಾಲಗಳಂಥ ಕಿರುಸಾಲ (ಮೈಕ್ರೊಫೈನಾನ್ಸ್) ಕೊಡುವವರಿಗೆಂದು ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಲ್ಲಿ ಕುಟುಂಬದ ತಿಂಗಳ ಸಾಲ ಮರುಪಾವತಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದಿದೆ. ನೀವು ಸಂಘದ ಕಂತುಗಳಲ್ಲೇ ಆ ಗೆರೆಯ ಹತ್ತಿರ ನಿಂತಿದ್ದೀರಿ. ಹೀಗಿರುವಾಗ ಇನ್ನೊಂದು ಸಾಲ ಕೊಡುತ್ತೇವೆ ಎಂದು ಮನೆಗೆ ಬರುವವರು ನಿಮ್ಮ ಹಿತ ಬಯಸಿ ಬಂದಿಲ್ಲ. 50,000ದಿಂದ ಎಲ್ಲ ಸಾಲವೂ ತೀರುವುದಿಲ್ಲ. ಅರ್ಧ ತೀರಿ, ಹೊಸ ಕಂತೊಂದು ಸೇರಿಕೊಳ್ಳುತ್ತದೆ.

ಮೊದಲು ತೀರಬೇಕಾದದ್ದು ಐದು ರೂಪಾಯಿ ಬಡ್ಡಿಯ ಸಾಲ, ಏಕೆಂದರೆ ಅದು ವರ್ಷಕ್ಕೆ ಶೇ 60. ಈ ಐದು ತಿಂಗಳು ಹೇಗಾದರೂ ಈಗಿರುವಂತೆಯೇ ಸಾಗಿಸಿ. ಮೊದಲ ಸಂಘದ ಸಾಲ ಮುಗಿದ ತಿಂಗಳಿಂದ ಅದರ 2,600ನ್ನು ಮನೆಖರ್ಚಿಗೆ ಬಿಡದೆ, ಈಗ ಕಟ್ಟುತ್ತಿರುವ 1,500ಕ್ಕೆ ಸೇರಿಸಿ, ತಿಂಗಳಿಗೆ 4,100ರಂತೆ ಕೈಸಾಲಕ್ಕೆ ಕಟ್ಟಿ. ಅಸಲು ಕರಗಿದಂತೆ ಬಡ್ಡಿಯೂ ಇಳಿಯುವುದರಿಂದ ಹಾಗೆ ಕಟ್ಟಲು ಶುರು ಮಾಡಿದ ಹತ್ತನೆಯ ತಿಂಗಳಿಗೆ ಆ ಸಾಲ ಪೂರ್ತಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಆ 4,100 ಎರಡನೆಯ ಸಂಘದ ಸಾಲಕ್ಕೆ. ಕಿರುಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಕೈಸಾಲ ಕೊಟ್ಟವರು ಅಸಲನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಒಪ್ಪದಿದ್ದರೆ, ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತನಾಡಿ, ಕೊಟ್ಟದ್ದಕ್ಕೆ ಬರಹ ಪಡೆಯಿರಿ.

ಕಂತು ತಪ್ಪುವುದೇಕೆ ಎಂಬುದನ್ನೂ ನೋಡಬೇಕು. ನಿಮ್ಮ ಸಂಬಳ ಬರುವುದು ತಿಂಗಳಿಗೊಮ್ಮೆ, ಕಂತು ಬೀಳುವುದು ವಾರಕ್ಕೊಮ್ಮೆ. ಮರುಪಾವತಿ ವಾರಕ್ಕೊ ತಿಂಗಳಿಗೊ ಎಂಬುದನ್ನು ಸಾಲಗಾರರ ಅನುಕೂಲಕ್ಕೆ ತಕ್ಕಂತೆ ಹೊಂದಿಸಲು ಸಂಸ್ಥೆಗಳು ಅವಕಾಶ ಕೊಡಬೇಕೆಂದು ಅದೇ ನಿಯಮ ಹೇಳುತ್ತದೆ. ಒಂದು ಸಂಸ್ಥೆಯನ್ನಾದರೂ ತಿಂಗಳ ಕಂತಿಗೆ ಬದಲಿಸಿಕೊಡಿ ಎಂದು ಬರಹದಲ್ಲಿ ಕೇಳಿ. ಉಳಿದ ವಾರದ ಕಂತುಗಳನ್ನು ಯಜಮಾನರ ದುಡಿಮೆಗೆ ಗಂಟು ಹಾಕಿ. ಆಟೋದ ಹಣ ದಿನವೂ ಬರುವಂಥದ್ದು. ದಿನಕ್ಕೆ 200 ರೂಪಾಯಿಯನ್ನು ಮನೆಗೆ ಬಂದ ಕೂಡಲೇ ಬೇರೆ ಡಬ್ಬಿಗೆ ಹಾಕಿದರೆ, ವಾರದ ಕೊನೆಗೆ 1,400 ಹುಡುಕಾಟವಿಲ್ಲದೆ ಸಿದ್ಧವಿರುತ್ತದೆ.

ರಾತ್ರಿ ಬಾಗಿಲಲ್ಲಿ ಕೂರುವುದು ಅಪರಾಧ ಎಂಬುದು ನಿಮಗೆ ತಿಳಿದಿರಲಿ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವುದನ್ನೂ ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಸಾಲಗಾರರನ್ನು ಪೀಡಿಸುವುದರ ವಿರುದ್ಧ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದ್ದು, ಹತ್ತು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡಕ್ಕೆ ಅದರಲ್ಲಿ ಅವಕಾಶವಿದೆ. ಹೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಜೊತೆಗೆ ಸಂಸ್ಥೆಗೆ ಬರಹದಲ್ಲಿ ದೂರಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಒಂಬುಡ್ಸ್‌ಮನ್) ಬರೆಯಬಹುದು, 14448 ಸಂಖ್ಯೆಗೆ ಕರೆ ಮಾಡಿ ಅದರ ಬಗೆ ಕೇಳಬಹುದು. ಸಾಲ ಮಾಡಿದ್ದೇವೆಂಬ ಕಾರಣಕ್ಕೆ ತಲೆ ತಗ್ಗಿಸಿ ಎಲ್ಲವನ್ನೂ ಸಹಿಸಬೇಕಾಗಿಲ್ಲ.

ಪಿಎಫ್ ವಿಚಾರ. 2024–25ಕ್ಕೆ ಅದರ ಬಡ್ಡಿ ಶೇ 8.25. ಅದಕ್ಕಿಂತ ಹೆಚ್ಚಾಗಿ, ಕೆಲಸ ಬಿಟ್ಟರೆ ನಿಮ್ಮ 12,800 ನಿಲ್ಲುತ್ತದೆ. ಸಾಲ ತೀರಿಸುವ ಒಂದೇ ಖಚಿತ ದಾರಿ ಆ ಸಂಬಳ. ಮುಂದೆ ಕಾರ್ಖಾನೆ ಬದಲಿಸಿದರೂ ಹಳೆಯ ಖಾತೆಯನ್ನು ಅದೇ ಯುಎಎನ್ (ಪಿಎಫ್‌ನ ಕಾಯಂ) ಸಂಖ್ಯೆಗೆ ವರ್ಗಾಯಿಸಿಕೊಳ್ಳಿ. ಇನ್ನು ಇಎಸ್‌ಐ: ನಿಮ್ಮ ಸಂಬಳದಿಂದ ಶೇ 0.75 ಮತ್ತು ಮಾಲೀಕರಿಂದ ಶೇ 3.25 ಪ್ರತಿ ತಿಂಗಳೂ ಹೋಗುತ್ತಿದೆ, ಅದರ ಚಿಕಿತ್ಸೆ ನಿಮಗೆ ಮಾತ್ರವಲ್ಲ, ಯಜಮಾನರಿಗೂ ಮಕ್ಕಳಿಗೂ ಸಿಗುತ್ತದೆ. ಖಾಸಗಿ ಕ್ಲಿನಿಕ್ಕಿಗೆ ತಿಂಗಳಿಗೆ ಸಾವಿರದಷ್ಟು ಹೋಗುತ್ತದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮನೆಯವರೆಲ್ಲರ ಹೆಸರೂ ಇಎಸ್‌ಐ ಕಾರ್ಡಿಗೆ ಸೇರಿದೆಯೇ ಎಂದು ನಾಳೆಯೇ ಕಾರ್ಖಾನೆಯ ಕಚೇರಿಯಲ್ಲಿ ಕೇಳಿ. ಯಜಮಾನರು ದಿನವಿಡೀ ರಸ್ತೆಯಲ್ಲಿರುವವರು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿಗೆ ಸಿಗುವ 2 ಲಕ್ಷದ ಅಪಘಾತ ವಿಮೆ, 50 ವರ್ಷದೊಳಗಿನವರಾದರೆ 436 ರೂಪಾಯಿಗೆ ಸಿಗುವ 2 ಲಕ್ಷದ ಜೀವವಿಮೆ, ಈ ಎರಡನ್ನೂ ಅವರ ಹೆಸರಿನಲ್ಲಿ ಮಾಡಿಸಿ. ಕೈ ಎಷ್ಟೇ ಬಿಗಿಯಾಗಿದ್ದರೂ ಈ 456 ರೂಪಾಯಿಯನ್ನು ಉಳಿಸಲು ಹೋಗಬೇಡಿ.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ತಿಂಗಳಿಗೆ 1,000 ರೂಪಾಯಿ ಎತ್ತಿಡಬಲ್ಲೆ. ಒಡವೆ ಅಂಗಡಿಯ ಚಿನ್ನದ ಸ್ಕೀಮಿಗೆ ಸೇರಲೇ, ಸುಕನ್ಯಾ ಸಮೃದ್ಧಿಗೆ ಕಟ್ಟಲೇ?
– ಬಾಗೇಪಲ್ಲಿಯ ಓದುಗರು

ಉತ್ತರ: ಮಗಳ ಓದಿಗೆ ಎಂದಾದರೆ ಸುಕನ್ಯಾ ಸಮೃದ್ಧಿ. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದಾದ ಈ ಖಾತೆಗೆ 15 ವರ್ಷ ಕಟ್ಟಬೇಕು, ತೆರೆದ 21ನೇ ವರ್ಷಕ್ಕೆ ಅದು ಪಕ್ವವಾಗುತ್ತದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಿರುವುದರಿಂದ, ಕೈ ಕಟ್ಟಿದ ವರ್ಷವೂ ಹೆದರಬೇಕಾಗಿಲ್ಲ. ಬಡ್ಡಿದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ. 2024ರ ಜನವರಿಯಲ್ಲಿ ಅದು ಶೇ 8.2 ಆಯಿತು. ಅದೇ ದರ ಕೊನೆಯವರೆಗೂ ಇದ್ದರೆ ನೀವು ಕಟ್ಟುವ 1,80,000 ರೂಪಾಯಿ ಸುಮಾರು ಐದೂವರೆ ಲಕ್ಷವಾಗುತ್ತದೆ. ಮಗಳಿಗೆ 18 ತುಂಬಿದಾಗ ಅಥವಾ ಹತ್ತನೇ ತರಗತಿ ಮುಗಿದಾಗ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಕಾಲೇಜಿಗೆ ಸೇರಿಸುವ ಜೂನ್ ತಿಂಗಳಿಗೆ ಸರಿಯಾಗಿ ಹಣ ಸಿಗುವುದೇ ಇದರ ದೊಡ್ಡ ಗುಣ.

ಅಂಗಡಿಯ ಸ್ಕೀಮಿನಲ್ಲಿ ಹನ್ನೊಂದು ತಿಂಗಳು ಕಟ್ಟಿದ ಮೇಲೆ ಹಣ ವಾಪಸು ಬರುವುದಿಲ್ಲ, ಅಲ್ಲಿಯೇ ಒಡವೆ ಕೊಳ್ಳಬೇಕು. ಚಿನ್ನದ ಬೆಲೆಯ ಮೇಲೆ ಮಜೂರಿ, ಅದರ ಮೇಲೆ ಶೇ 3 ಜಿಎಸ್‌ಟಿ. ಅಂಗಡಿ ಮುಚ್ಚಿದರೆ ನಿಮ್ಮ ಹಣಕ್ಕೆ ಬ್ಯಾಂಕಿನಂಥ ರಕ್ಷಣೆಯೂ ಇಲ್ಲ. ಮದುವೆಗೆ ಸ್ವಲ್ಪ ಚಿನ್ನ ಬೇಕೇ ಬೇಕು ಎನ್ನುವುದಾದರೆ, ಅಂಚೆ ಕಚೇರಿಯ ಆರ್‌ಡಿಯಲ್ಲಿ (ತಿಂಗಳ ಕಂತಿನ ಠೇವಣಿ) ಹಣ ಕೂಡಿಸಿ, ಪ್ರತಿ ಒಡವೆಯ ಮೇಲೂ ಇರಲೇಬೇಕಾದ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಗುರುತನ್ನು ನೋಡಿ, ನಿಮಗೆ ಬೇಕಾದ ಅಂಗಡಿಯಲ್ಲಿ ಕೊಳ್ಳಿ.

ಪ್ರಶ್ನೆ: ದಿನಸಿಯನ್ನು ವರ್ಷಕ್ಕೊಮ್ಮೆ ತುಂಬಿಡುವ ನಮ್ಮ ಅತ್ತೆಯವರ ಪದ್ಧತಿ ಈಗಲೂ ಲಾಭವೇ?
– ಗುಡಿಬಂಡೆಯ ಓದುಗರು

ಉತ್ತರ: ಕೆಲವಕ್ಕೆ ಹೌದು. ರಾಗಿ ಸುಗ್ಗಿಯ ಬೆನ್ನಿಗೇ, ಹುಣಸೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲದಲ್ಲಿ ಕೊಂಡರೆ ಬೆಲೆಯೂ ಕಡಿಮೆ, ಕಸವೂ ಕಡಿಮೆ. ರಾಗಿಗೆ ಹುಳ ಬೇಗ ಹತ್ತುವುದಿಲ್ಲ, ಹಿಂದಿನವರು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ತೊಗರಿಬೇಳೆಗೆ ಹರಳೆಣ್ಣೆ ಸವರಿ, ಒಣಮೆಣಸಿನಕಾಯಿಯನ್ನು ಚೆನ್ನಾಗಿ ಬಿಸಿಲಿಗೆ ಹಾಕಿ ಆರು ತಿಂಗಳಿಗಾಗುವಷ್ಟು ಇಡಬಹುದು. ಎಣ್ಣೆ, ಸಕ್ಕರೆ, ಕಾಫಿಪುಡಿಯನ್ನು ಹೀಗೆ ತುಂಬಿಡಬೇಡಿ. ಮನೆಯಲ್ಲಿ ಹೆಚ್ಚಿದ್ದರೆ ಅವು ಹೆಚ್ಚೇ ಖರ್ಚಾಗುತ್ತವೆ.

ತರಕಾರಿಗೆ ಪಟ್ಟಿ ಮಾಡುವ ಬದಲು ವಾರಕ್ಕೆ ಇಷ್ಟು ರೂಪಾಯಿ ಎಂದು ಗೊತ್ತು ಮಾಡಿಕೊಂಡು ಸಂತೆಗೆ ಹೋಗಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಟೊಮೆಟೊವನ್ನು ಬೆಲೆಯಿಲ್ಲದೆ ರೈತರು ರಸ್ತೆಬದಿಗೆ ಸುರಿದ ದಿನಗಳನ್ನೂ ನಾವು ಕಂಡಿದ್ದೇವೆ. ದುಬಾರಿಯಾದ ವಾರ ಸಾರಿಗೆ ಆ ಹುಣಸೆಯೇ ಸಾಕು. ವರ್ಷದ ದಿನಸಿಗೆ ಬೇಕಾದ ಹಣವನ್ನು ಮಾತ್ರ ಸಾಲವಾಗಿ ತರಬೇಡಿ, ಅಂಗಡಿಯಲ್ಲಿ ಬಾಕಿಯನ್ನೂ ಬರೆಸಬೇಡಿ. ಈ ವರ್ಷ ರಾಗಿಗೆ ಆಗುವಷ್ಟು ಹಣವಿದ್ದರೆ ರಾಗಿಯೊಂದನ್ನೇ ಕೊಳ್ಳಿ, ಹುಣಸೆಯನ್ನು ಮುಂದಿನ ವರ್ಷಕ್ಕೆ ಸೇರಿಸಿಕೊಳ್ಳಬಹುದು.